ಸಂದಿನಲ್ಲಿ ನಿಂತ ನೀರು

ಕಬ್ಬಿಣಕ್ಕೆ ತುಕ್ಕು ಹಿಡಿಯುವ ಪಾಠವನ್ನು ನಾನು 1984ರಿಂದ 2019ರವರೆಗೆ, ಮೂವತ್ತೈದು ವರ್ಷ, ಒಮ್ಮೆಯೂ ತಪ್ಪದೆ ಮಾಡಿದ್ದೇನೆ. ಹಿರೇಕೆರೂರು ತಾಲ್ಲೂಕಿನ ಹಂಚಿನ ಮಾಡಿನ ಶಾಲೆಯೊಂದರಲ್ಲಿ ಆರಂಭಿಸಿದ ವೃತ್ತಿ ಸವಣೂರು, ಶಿಗ್ಗಾಂವಿಗಳನ್ನು ಹಾದು ಹಾನಗಲ್ಲಿನಲ್ಲಿ ಮುಗಿಯಿತು. ಈ ಬರಹ ಓದುವ ನಿಮ್ಮಲ್ಲಿ ಅನೇಕರಿಗೆ ಆ ಮೂರು ಪ್ರನಾಳಗಳು ನೆನಪಿರಬಹುದು. ಮೊದಲನೆಯದರಲ್ಲಿ ಮೊಳೆ ಮತ್ತು ಸಾದಾ ನೀರು. ಎರಡನೆಯದರಲ್ಲಿ ಕುದಿಸಿ ಆರಿಸಿದ ನೀರು, ಅದರ ಮೇಲೊಂದು ಪದರ ಎಣ್ಣೆ. ಮೂರನೆಯದರಲ್ಲಿ ತೇವ ಹೀರಿಕೊಳ್ಳುವ ಕ್ಯಾಲ್ಸಿಯಂ ಕ್ಲೋರೈಡು. ಮೂರ್ನಾಲ್ಕು ದಿನಗಳ ಮೇಲೆ ನೋಡಿದರೆ ಮೊದಲನೆಯ ಮೊಳೆ ಮಾತ್ರ ಕೆಂಪಾಗಿರುತ್ತಿತ್ತು. ನೀರೂ ಬೇಕು, ಗಾಳಿಯೂ ಬೇಕು. ಎರಡರಲ್ಲಿ ಒಂದಿಲ್ಲದಿದ್ದರೂ ತುಕ್ಕಿಲ್ಲ. ಇಷ್ಟನ್ನು ಬರೆದರೆ ಪರೀಕ್ಷೆಯಲ್ಲಿ ಪೂರ್ಣ ಅಂಕ ಸಿಗುತ್ತಿತ್ತು.

ಆದರೆ ಮೊಳೆ ಒಂಟಿ ಜೀವ. ನಮ್ಮ ಮನೆಗಳಲ್ಲಿರುವ ಕಬ್ಬಿಣ ಹಾಗೆ ಒಂಟಿಯಾಗಿರುವುದು ಕಡಿಮೆ. ಟ್ರಂಕಾಗಲಿ, ತಿಜೋರಿಯಾಗಲಿ, ಧಾನ್ಯದ ಪೀಪಾಯಿಯಾಗಲಿ, ಮೋಟಾರು ಗಾಡಿಯಾಗಲಿ, ಎಲ್ಲವೂ ತಗಡಿಗೆ ತಗಡು ಕೂಡಿಸಿ ಮಾಡಿದವು. ಎರಡು ತಗಡು ಕೂಡುವಲ್ಲಿ ಒಂದು ಸಂದು ಉಳಿಯುತ್ತದೆ. ಕಣ್ಣಿಗೆ ಅದು ಕೂದಲೆಳೆಯಷ್ಟೇ; ನೀರಿಗೆ ಮಾತ್ರ ಹೆದ್ದಾರಿ. ಹಳೆಯ ಕಾರುಗಳು ಸಾಯುವುದು ಎಂಜಿನ್ನಿನಿಂದಲ್ಲ, ಈ ಸಂದುಗಳಿಂದ. ಅದನ್ನು ನಾನು ಕಣ್ಣಾರೆ ಕಂಡದ್ದು 2024ರ ಬೇಸಿಗೆಯಲ್ಲಿ, ನಮ್ಮ ದೊಡ್ಡಪ್ಪನವರ ಅಂಬಾಸಿಡರ್ ಕಾರನ್ನು ಮತ್ತೆ ರಸ್ತೆಗೆ ತರುವ ಕೆಲಸದಲ್ಲಿ. ಇದರಲ್ಲಿ ನಮ್ಮ ಮನೆತನದ ಕೆಲವು ಮಾತುಗಳೂ ಬರುತ್ತವೆ. ಸಂಬಂಧಪಟ್ಟ ಇಬ್ಬರೂ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ.

ದೊಡ್ಡಪ್ಪನವರು ಸವಣೂರಿನಲ್ಲಿ ವೀಳ್ಯದೆಲೆಯ ವ್ಯಾಪಾರ ಮಾಡುತ್ತಿದ್ದರು. ಸವಣೂರಿನ ಎಲೆಯ ಹೆಸರು ನಿಮಗೆಲ್ಲ ಗೊತ್ತೇ ಇದೆ. ಕಾರಿಗಾಗಿ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಆ ಕಾಲದಲ್ಲಿ ಕಾದು, 1972ರಲ್ಲಿ ಒಂದು ಅಂಬಾಸಿಡರ್ ಮಾರ್ಕ್-2 ತಂದರು. ನನಗಾಗ ಹದಿಮೂರು ವರ್ಷ. ಓಣಿಯ ಜನರೆಲ್ಲ ನೆರೆದು ಆರತಿ ಮಾಡಿದ ಆ ಬಿಳಿಯ ಗಾಡಿ ಕೆಲವೇ ತಿಂಗಳಲ್ಲಿ ಎಲೆಯ ಗಾಡಿಯೂ ಆಯಿತು. ವೀಳ್ಯದೆಲೆ ಬಾಡಬಾರದು. ಪೆಂಡಿಗಳನ್ನು ಒದ್ದೆಯ ಗೋಣಿತಟ್ಟಿನಲ್ಲಿ ಸುತ್ತಿ, ಮೇಲೆ ನೀರು ಚಿಮುಕಿಸಿ ಡಿಕ್ಕಿಯಲ್ಲಿಡುತ್ತಿದ್ದರು. ಹುಬ್ಬಳ್ಳಿಗೆ ಮುಟ್ಟುವವರೆಗೂ ಆ ಗೋಣಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಎಲೆ ಉಳಿಯಿತು; ಡಿಕ್ಕಿಯ ತಳ ಅಂದಿನಿಂದಲೇ ಒಳಗೊಳಗೆ ಸವೆಯತೊಡಗಿತು.

ದೊಡ್ಡಪ್ಪನವರು 1998ರಲ್ಲಿ ತೀರಿಕೊಂಡರು. ಕಾರು ದನದ ಕೊಟ್ಟಿಗೆಯ ಮೂಲೆ ಸೇರಿತು. ಪಕ್ಕದಲ್ಲಿ ಗೊಬ್ಬರದ ಚೀಲಗಳು ಬಂದವು; ಕೆಲವು ವರ್ಷಗಳಲ್ಲಿ ಚೀಲಗಳು ಕಾರಿನ ಒಳಗೂ ಬಂದವು. ಪೊಟ್ಯಾಷ್ ಗೊಬ್ಬರವೆಂದರೆ ಪೊಟ್ಯಾಸಿಯಂ ಕ್ಲೋರೈಡು. ಅಡುಗೆಯ ಉಪ್ಪಿನ ಸಮೀಪದ ಬಂಧು, ಕಬ್ಬಿಣಕ್ಕೆ ಅದರಷ್ಟೇ ವೈರಿ. ಅದರ ಮೇಲೆ ಕೊಟ್ಟಿಗೆಯ ಗಂಜಲದ ಹಬೆ. ಬಯಲುಸೀಮೆಯ ಒಣ ಹವೆಯಲ್ಲಿದ್ದರೂ ಕಾರಿಗೆ ಸಮುದ್ರತೀರದ ವಾಸವೇ ಪ್ರಾಪ್ತವಾಗಿತ್ತು.

ಅವರ ಇಬ್ಬರು ಮಕ್ಕಳಲ್ಲಿ ಹಿರಿಯಣ್ಣ ಹಾನಗಲ್ಲಿನಲ್ಲಿ ನೆಲೆಸಿದವನು, ಕಿರಿಯ ತಮ್ಮ ಸವಣೂರಿನ ಮನೆಯಲ್ಲಿಯೇ ಉಳಿದವನು. 2012ರಲ್ಲಿ ವಾಟ್ನಿ ಆಯಿತು. ಹೊಲದ ಒಂದು ಬದುವಿನ ವಿಷಯಕ್ಕೆ ಬೆಳೆದ ಮಾತು ಇಬ್ಬರ ನಡುವಿನ ಮಾತನ್ನೇ ನಿಲ್ಲಿಸಿತು. ಹೊಲ, ಮನೆ, ಹಿತ್ತಾಳೆಯ ಹಂಡೆ, ಎಲ್ಲವೂ ಹಂಚಿಹೋದವು. ಹಂಚಲು ಬಾರದೆ ಉಳಿದದ್ದು ಈ ಕಾರೊಂದೇ. ಹಬ್ಬಕ್ಕೆ ಒಬ್ಬ ಬಂದರೆ ಇನ್ನೊಬ್ಬ ಬರುತ್ತಿರಲಿಲ್ಲ. ಹನ್ನೆರಡು ವರ್ಷ ಹೀಗೆ ಕಳೆಯಿತು.

2024ರ ಆರಂಭದಲ್ಲಿ ಹಿರಿಯಣ್ಣ ಕಾರನ್ನು ಗುಜರಿಗೆ ಹಾಕಿ ಬಂದ ಹಣವನ್ನು ಸಮ ಮಾಡೋಣವೆಂದು ನನ್ನ ಮೂಲಕ ಹೇಳಿ ಕಳುಹಿಸಿದ. ತಮ್ಮನಿಗೆ ಮನಸ್ಸಿರಲಿಲ್ಲ. ಕೊನೆಗೆ ಮಾತಾಡಿದವಳು ಎಂಬತ್ತೆಂಟು ವರ್ಷದ ದೊಡ್ಡವ್ವ. ಆಕೆಯ ತವರು ಹಿರೇಕೆರೂರು ತಾಲ್ಲೂಕಿನ ಒಂದು ಹಳ್ಳಿ. "ನಿಮ್ಮ ದೊಡ್ಡಪ್ಪ ತಂದ ಗಾಡ್ಯಾಗ ಇನ್ನೊಮ್ಮೆ ತವರಿಗೆ ಹೋಗಿ ಬಂದ್ರ ಸಾಕಪಾ. ಆಮ್ಯಾಲ ಬೇಕಾದ್ದು ಮಾಡ್ಕೋರಿ" ಎಂದಳು. ತಾಯಿಯ ಮಾತನ್ನು ಇಬ್ಬರೂ ತೆಗೆದುಹಾಕಲಾರದೆ ಹೋದರು. ಆದರೆ ಒಬ್ಬರೊಡನೊಬ್ಬರು ಮಾತಾಡಲಾರರು. ಹೀಗಾಗಿ ಕೆಲಸದ ಉಸ್ತುವಾರಿ, ಇಬ್ಬರಿಗೂ ಬೇಕಾದವನೆಂದು, ನನ್ನ ಪಾಲಿಗೆ ಬಂದಿತು.

ಅಂಬಾಸಿಡರಿನ ಹುಟ್ಟನ್ನು ಸ್ವಲ್ಪ ಹೇಳಬೇಕು. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿಯ ಕಾರನ್ನೇ ಮಾದರಿಯಾಗಿಟ್ಟುಕೊಂಡು ಹಿಂದೂಸ್ಥಾನ್ ಮೋಟರ್ಸ್ ಸಂಸ್ಥೆ ಬಂಗಾಳದ ಉತ್ತರಪಾರಾದಲ್ಲಿ ಇದನ್ನು 1950ರ ದಶಕದ ಕೊನೆಯಲ್ಲಿ ಆರಂಭಿಸಿತು. 2014ರಲ್ಲಿ ಉತ್ಪಾದನೆ ನಿಂತಿತು. ಜೀಪಿಗೆ ಅಡಿಯಲ್ಲಿ ದಪ್ಪ ಕಬ್ಬಿಣದ ಚಾಸಿ ಇರುತ್ತದೆ, ಮೇಲಿನ ಬಾಡಿ ಬೇರೆ. ನಮ್ಮ ಚಕ್ಕಡಿಯ ಹಾಗೆ. ಮೇಲಿನ ತಟ್ಟಿ ಹರಿದರೂ ಗಾಡಿ ನಡೆಯುತ್ತದೆ. ಅಂಬಾಸಿಡರಿಗೆ ಅಂಥ ಪ್ರತ್ಯೇಕ ಚಾಸಿ ಇಲ್ಲ. ನೆಲದ ತಗಡು, ಬಾಗಿಲ ಕೆಳಗಿನ ಪೆಟ್ಟಿಗೆಯಂಥ ತೊಲೆಗಳು, ಕಂಬಗಳು, ಮಾಡು, ಇವೆಲ್ಲ ಅಂಗುಲ ಎರಡಂಗುಲಕ್ಕೊಂದರಂತೆ ಹಾಕಿದ ಚುಕ್ಕೆ ಬೆಸುಗೆಗಳಿಂದ ಕೂಡಿ ಒಂದೇ ಗೂಡಾಗಿ ಭಾರ ಹೊರುತ್ತವೆ. ಆದ್ದರಿಂದ ಈ ಕಾರಿನಲ್ಲಿ ಸಂದು ಕೊಳೆತರೆ ಅಂದವಷ್ಟೇ ಕೆಡುವುದಿಲ್ಲ, ಬೆನ್ನುಮೂಳೆಯೇ ಸಡಿಲವಾಗುತ್ತದೆ. ಎಂಬತ್ತೆಂಟರ ಮುದುಕಿಯನ್ನು ಕೂರಿಸಿಕೊಂಡು ಹೋಗುವ ಗಾಡಿಯಲ್ಲಿ ಇದು ಸಣ್ಣ ಮಾತಲ್ಲ.

ಶಿಗ್ಗಾಂವಿಯಲ್ಲಿ ಹೆದ್ದಾರಿಯ ಬದಿಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಟಿಂಕರಿಂಗ್ ಅಂಗಡಿಯಿದೆ. ವಿಜ್ಞಾನದಲ್ಲಿ ಅವನು ಪಾಸಾದದ್ದು ಕಷ್ಟಪಟ್ಟೇ. ಕೈಗೆ ಮಾತ್ರ ಆಗಲೇ ಬುದ್ಧಿಯಿತ್ತು. ಫೆಬ್ರವರಿಯಲ್ಲಿ ಕಾರನ್ನು ಲಾರಿಯ ಮೇಲೇರಿಸಿ ಅಲ್ಲಿಗೆ ತಂದೆವು. ಅವನು ಮೊದಲು ಸೀಟು, ಮ್ಯಾಟು, ಅದರ ಕೆಳಗಿನ ಡಾಂಬರಿನ ಹಾಳೆಗಳನ್ನೆಲ್ಲ ಕಿತ್ತು ಹೊರಗೆ ಹಾಕಿದ. ಆಮೇಲೆ ಒಂದು ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಬಾಡಿಯ ಮೇಲೆಲ್ಲ ಆಡಿಸಿದ. ಕೆಲವು ಕಡೆ ಅದು ಗಟ್ಟಿಯಾಗಿ ಹಿಡಿಯಿತು, ಕೆಲವು ಕಡೆ ಜಾರಿ ಬಿದ್ದಿತು. ಜಾರಿದಲ್ಲೆಲ್ಲ ತಗಡಿಲ್ಲ, ಪುಟ್ಟಿಯಿದೆ. ಹಿಂದೆ ಯಾವುದೋ ಗ್ಯಾರೇಜಿನವರು ತೂತುಗಳ ಮೇಲೆ ಪುಟ್ಟಿ ಮೆತ್ತಿ, ಡಿಕ್ಕಿಯ ತಳಕ್ಕೆ ಡಾಂಬರು ಬಳಿದು, ಬಣ್ಣ ಹೊಡೆದು ಕೊಟ್ಟಿದ್ದರು. ಬಾಗಿಲ ಕೆಳಗಿನ ತೊಲೆಗೆ ಸ್ಕ್ರೂಡ್ರೈವರಿನ ತುದಿ ಒತ್ತಿದರೆ ಹಪ್ಪಳದಂತೆ ಮುರಿದು ಒಳಗೆ ಹೋಯಿತು. "ಸರ್, ಈ ಗಾಡಿ ತಗಡಿನ ಮ್ಯಾಲ ನಿಂತಿಲ್ಲ, ಬಣ್ಣದ ಮ್ಯಾಲ ನಿಂತೈತಿ" ಎಂದ.

ಸಂದಿನಲ್ಲೇ ತುಕ್ಕು ಏಕೆ ಹೆಚ್ಚು? ಎರಡು ತಗಡುಗಳ ನಡುವೆ ಎಳೆಯಷ್ಟು ಜಾಗವಿದ್ದರೆ ನೀರು ತಾನಾಗಿಯೇ ಮೇಲಕ್ಕೂ ಏರುತ್ತದೆ. ದೀಪದ ಬತ್ತಿಗೆ ಎಣ್ಣೆ ಏರುವ ಹಾಗೆ. ಇದೇ ಲೋಮನಾಳ ಕ್ರಿಯೆ. ಬಯಲಲ್ಲಿ ಬಿದ್ದ ಹನಿ ಬಿಸಿಲಿಗೆ ಗಂಟೆಯೊಳಗೆ ಆರುತ್ತದೆ, ಸಂದಿಗೆ ಸೇರಿದ ಹನಿ ವಾರಗಟ್ಟಲೆ ಕೂತಿರುತ್ತದೆ. ಎರಡನೆಯ ಕಾರಣ ಇನ್ನೂ ಸೂಕ್ಷ್ಮ. ಕೇಂಬ್ರಿಡ್ಜಿನ ವಿಜ್ಞಾನಿ ಯು.ಆರ್. ಇವಾನ್ಸ್ ಕಬ್ಬಿಣದ ಫಲಕದ ಮೇಲೆ ಉಪ್ಪುನೀರಿನ ಒಂದು ಹನಿಯಿಟ್ಟು ಇದನ್ನು ತೋರಿಸಿಕೊಟ್ಟರು. ಹನಿಯ ಅಂಚಿಗೆ ಗಾಳಿ ಹೇರಳ, ನಡುವಿಗೆ ಕಡಿಮೆ. ಕಬ್ಬಿಣ ಕರಗುವುದು ಗಾಳಿ ಹೆಚ್ಚಿರುವ ಅಂಚಿನಲ್ಲಲ್ಲ, ಗಾಳಿ ಕಡಿಮೆಯಿರುವ ನಡುವಿನಲ್ಲಿ. ಒಂದೇ ಲೋಹದ ಎರಡು ಜಾಗಗಳು ಬ್ಯಾಟರಿಯ ಎರಡು ಧ್ರುವಗಳಂತೆ ವರ್ತಿಸುತ್ತವೆ. ಸಂದಿನ ಬಾಯಿಗೆ ಗಾಳಿಯುಂಟು, ಆಳಕ್ಕಿಲ್ಲ. ಹೀಗಾಗಿ ಕಾಣುವ ಅಂಚು ನೆಟ್ಟಗಿರುತ್ತದೆ, ಕಾಣದ ಒಳಭಾಗ ಕರಗುತ್ತದೆ. ಉಪ್ಪಿನಂಶ ಸೇರಿದರೆ ಆ ನೀರು ವಿದ್ಯುತ್ತನ್ನು ಇನ್ನೂ ಚೆನ್ನಾಗಿ ಒಯ್ಯುತ್ತದೆ, ಕೆಲಸ ಬೇಗ ಸಾಗುತ್ತದೆ. ಮೂರನೆಯದು, ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಸಂದಿನೊಳಗೆ ಹುಟ್ಟಿದ ತುಕ್ಕು ಉಬ್ಬಿ ಎರಡು ತಗಡುಗಳನ್ನು ದೂರ ತಳ್ಳುತ್ತದೆ, ಬೆಸುಗೆಯ ಚುಕ್ಕೆಗಳು ಒಂದೊಂದಾಗಿ ಹರಿಯುತ್ತವೆ. ಸಂದು ಅಗಲವಾಗುತ್ತದೆ, ಇನ್ನಷ್ಟು ನೀರು ಬರುತ್ತದೆ.

ಮಾರ್ಚ್ ಮೊದಲ ವಾರದಲ್ಲಿ ಹಿರಿಯಣ್ಣ ಹಾನಗಲ್ಲಿನಿಂದ ನೋಡಲು ಬಂದ. ಬಿಚ್ಚಿಟ್ಟ ಕಾರಿನ ಅವಸ್ಥೆ, ಖರ್ಚಿನ ಅಂದಾಜು ಎರಡನ್ನೂ ಕಂಡು ಅವನಿಗೆ ಗಾಬರಿಯಾಯಿತು. "ಇಷ್ಟೆಲ್ಲ ಯಾಕ? ಸಂದಿಗೆಲ್ಲ ಅದೇನೋ ಸೀಲರ್ ಹಚ್ಚಿ ಮುಚ್ಚಿಬಿಡು. ಮ್ಯಾಲ ಛಲೋ ಕಂಡ್ರ ಸಾಕು, ಒಳಗ ಯಾರು ನೋಡ್ತಾರ?" ಎಂದ. ನನ್ನ ವಿದ್ಯಾರ್ಥಿ ಕೈಯಲ್ಲಿದ್ದ ಸುತ್ತಿಗೆಯನ್ನು ಕೆಳಗಿಟ್ಟು, "ಒಳಗ ನೀರು ನೋಡತೈತ್ರಿ ಅಣ್ಣಾರ" ಎಂದ. ತುಕ್ಕಿನ ಮೇಲೆ ಸೀಲರ್ ಹಚ್ಚಿದರೆ ಆಗುವುದೇನೆಂಬುದನ್ನು ಅವನು ಒಂದು ಹಳೆಯ ತುಂಡನ್ನು ತೋರಿಸಿ ವಿವರಿಸಿದ. ಒಳಗಿನ ತೇವಕ್ಕೆ ಹೊರಬರುವ ದಾರಿಯೇ ಇಲ್ಲವಾಗುತ್ತದೆ. ಮುಚ್ಚದೆ ಬಿಟ್ಟಿದ್ದರೆ ಬೇಸಿಗೆಯಲ್ಲಾದರೂ ಆರುತ್ತಿತ್ತು; ಮುಚ್ಚಿದ ಮೇಲೆ ವರ್ಷವಿಡೀ ಒದ್ದೆ. ಎರಡು ಮಳೆಗಾಲ ನುಣ್ಣಗೆ ಕಾಣುತ್ತದೆ, ಮೂರನೆಯದಕ್ಕೆ ಸೀಲರಿನ ಸಮೇತ ತಗಡು ಎದ್ದು ಬರುತ್ತದೆ.

ಹಿರಿಯಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಮೊದಲು ಬಿಚ್ಚು" ಎಂದು ಹೇಳಿ ಹೋದ. ಮರುದಿನವೇ ತನ್ನ ಪಾಲಿನ ಹಣ ಕಳುಹಿಸಿದ. ತಮ್ಮನ ಪಾಲೂ ಬಂದಿತು. ಇಬ್ಬರ ಹಣವೂ ನನ್ನ ಕೈಯಲ್ಲಿ ಕೂಡಿತು; ಅವರು ಕೂಡಲಿಲ್ಲ.

ಕೆಲಸದ ಕ್ರಮವನ್ನು ವಿವರವಾಗಿ ಬರೆಯುತ್ತೇನೆ. ನಿಮ್ಮಲ್ಲಿ ಹಳೆಯ ಅಂಬಾಸಿಡರನ್ನೋ ಪ್ರೀಮಿಯರ್ ಪದ್ಮಿನಿಯನ್ನೋ ಇಟ್ಟುಕೊಂಡವರಿದ್ದೀರಿ, ಉಪಯೋಗಕ್ಕೆ ಬಂದೀತು.

ಮೊದಲು ಹಳೆಯ ಸೀಲರು, ಡಾಂಬರು, ಪುಟ್ಟಿಗಳನ್ನು ಕೆರೆದು ತೆಗೆಯಬೇಕು. ಕಾರ್ಖಾನೆಯಲ್ಲಿ ಹಚ್ಚಿದ್ದ ಸಂದಿನ ಮೇಣ ಐವತ್ತು ವರ್ಷದಲ್ಲಿ ಒಣಗಿ ಕಲ್ಲಾಗಿ ಬಿರುಕು ಬಿಟ್ಟಿರುತ್ತದೆ. ಕಾಪಾಡುವ ಬದಲು ಅದೇ ನೀರನ್ನು ಹಿಡಿದಿಡುತ್ತದೆ. ಆಮೇಲೆ ತಂತಿಯ ಬ್ರಷ್ಷಿನಿಂದ ಉಜ್ಜಿ ಹೊಳೆಯುವ ತಗಡು ಕಾಣುವವರೆಗೆ ಹೋಗಬೇಕು. ಕೊಳೆತದ್ದನ್ನು ಕತ್ತರಿಸುವಾಗ ಜಿಪುಣತನ ಕೂಡದು. ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಬೇಕು. ನಮ್ಮ ಕಾರಿನ ಡಿಕ್ಕಿಯ ತಳವನ್ನು ಮುಕ್ಕಾಲುಪಾಲು, ಬಾಗಿಲ ಕೆಳಗಿನ ಎರಡೂ ತೊಲೆಗಳನ್ನು ಪೂರ್ತಿ ಹೊಸದಾಗಿ ಮಾಡಬೇಕಾಯಿತು. ನೆಲಕ್ಕೆ 18 ಗೇಜು, ಉಳಿದೆಡೆ 20 ಗೇಜು ತಗಡು. ತೊಲೆ ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡಪಟ್ಟಿ ಬೆಸೆದು ಬಿಗಿ ಮಾಡಿದ್ದು ಅವನ ಜಾಣತನ. ಇಲ್ಲದಿದ್ದರೆ ಗೂಡು ಕುಸಿದು ಆಮೇಲೆ ಬಾಗಿಲುಗಳೇ ಕೂಡುವುದಿಲ್ಲ. ಬೆಸುಗೆಗೆ ಮುಂಚೆ, ಒಂದರ ಮೇಲೊಂದು ಕೂರುವ ತಗಡುಗಳ ಒಳಮುಖಕ್ಕೆ ಸತುವಿನ ಪ್ರೈಮರ್ ಹಚ್ಚಬೇಕು. ಬೆಸೆದ ಮೇಲೆ ಅಲ್ಲಿಗೆ ಯಾವ ಬ್ರಷ್ಷೂ ಹೋಗಲಾರದು. ಸತುವು ಕಬ್ಬಿಣಕ್ಕಿಂತ ಮೊದಲು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆಂಬುದನ್ನು ನೀವು ಹತ್ತನೆಯ ತರಗತಿಯಲ್ಲಿ ಓದಿದ್ದೀರಿ.

ಉಜ್ಜಿದರೂ ಹೋಗದ, ಗುಣಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲವಿರುವ ದ್ರಾವಣ ಹಚ್ಚುತ್ತಾರೆ. ಅದು ತುಕ್ಕನ್ನು ಕಬ್ಬಿಣದ ಫಾಸ್ಫೇಟಾಗಿ ಮಾಡಿ ನಿಲ್ಲಿಸುತ್ತದೆ. ಆದರೆ ಆ ಆಮ್ಲವೇ ಸಂದಿನಲ್ಲಿ ಉಳಿಯಬಾರದು. ಡಬ್ಬಿಯ ಮೇಲೆ ಹೇಳಿದಂತೆ ತೊಳೆದು, ಬಿಸಿಗಾಳಿ ಊದಿ ಪೂರ್ತಿ ಆರಿಸಬೇಕು. ನಂತರ ಎಪಾಕ್ಸಿ ಪ್ರೈಮರ್. ನಮ್ಮಲ್ಲಿ ಗೇಟಿಗೂ ಕಿಟಕಿಗೂ ಬಳಿಯುವ ಕೆಂಪು ರೆಡ್ ಆಕ್ಸೈಡ್ ಅಗ್ಗ, ನಿಜ. ಆದರೆ ಅದು ತೇವವನ್ನು ಒಳಗೆ ಬಿಡುತ್ತದೆ. ಎರಡು ದ್ರವ ಬೆರೆಸಿ ಹೊಡೆಯುವ ಎಪಾಕ್ಸಿ ಹಾಗಲ್ಲ, ತಗಡಿಗೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಸೀಲರ್ ಹಚ್ಚುವುದು ಈ ಪ್ರೈಮರಿನ ಮೇಲೆ, ಬರಿಯ ತಗಡಿನ ಮೇಲಲ್ಲ.

ಈಗ ಸೀಲರ್. ಕಾರಿಗೆಂದೇ ಮಾಡಿದ ಪಾಲಿಯುರೆಥೇನ್ ಸೀಲರ್ ಕೊಳವೆಗಳಲ್ಲಿ ಸಿಗುತ್ತದೆ. ಗನ್ನಿಗೆ ಹಾಕಿ ಒತ್ತಿದರೆ ಶ್ಯಾವಿಗೆಯಂತೆ ಬರುತ್ತದೆ. ಸಂದಿನ ಮೇಲೆ ಎಳೆ ಹಾಕಿ ಬಿಡುವುದು ಕೆಲಸವಲ್ಲ. ಬೆರಳಿನಿಂದಲೋ ಗಟ್ಟಿ ಬ್ರಷ್ಷಿನಿಂದಲೋ ಅದನ್ನು ಸಂದಿನೊಳಗೆ ತುರುಕಬೇಕು, ಅಂಚುಗಳನ್ನು ತೆಳುವಾಗಿ ತಗಡಿಗೆ ಕೂರಿಸಬೇಕು. ಮೇಲೆ ಕೂತದ್ದು ಒಂದು ದಿನ ಸಿಪ್ಪೆಯಂತೆ ಏಳುತ್ತದೆ. ಇನ್ನೊಂದು ಸ್ವಾರಸ್ಯವಿದೆ. ನೀರನ್ನು ತಡೆಯುವ ಈ ವಸ್ತು ಗಟ್ಟಿಯಾಗುವುದು ಗಾಳಿಯಲ್ಲಿನ ನೀರಿನ ಆವಿಯಿಂದಲೇ. ಹೊರಮೈಯಿಂದ ಒಳಕ್ಕೆ, ದಿನಕ್ಕೆ ಸುಮಾರು 2-3 ಮಿಲಿಮೀಟರಿನಂತೆ ಅದು ಬಲಿಯುತ್ತ ಹೋಗುತ್ತದೆ. ಏಪ್ರಿಲ್ಲಿನ ಒಣ ಮಧ್ಯಾಹ್ನಗಳಲ್ಲಿ ನಿಧಾನವಾಯಿತೆಂದು ನನ್ನ ವಿದ್ಯಾರ್ಥಿ ಅಂಗಡಿಯ ನೆಲಕ್ಕೆ ನೀರು ಚಿಮುಕಿಸಿ, ಕಾರಿನ ಸುತ್ತ ಒದ್ದೆ ಗೋಣಿ ಹರಡಿದ. ಅದನ್ನು ಕಂಡ ತಮ್ಮ, "ಅಪ್ಪ ಎಲಿ ಪೆಂಡಿಗೆ ಮಾಡಿದಂಗ" ಎಂದು ನಕ್ಕ. ಅಂದು ಅವನು ನಕ್ಕದ್ದನ್ನು ಬಹಳ ದಿನಗಳ ಮೇಲೆ ನೋಡಿದೆ.

ಹಚ್ಚಬಾರದ್ದನ್ನೂ ಹೇಳಬೇಕು. ಸ್ನಾನದ ಮನೆಗೆ ಹಚ್ಚುವ ಸಾದಾ ಸಿಲಿಕೋನ್ ಬೇಡ. ಬಲಿಯುವಾಗ ವಿನೆಗರಿನ ವಾಸನೆ ಬರುತ್ತದಲ್ಲ, ಅದು ಅಸಿಟಿಕ್ ಆಮ್ಲ, ಕಬ್ಬಿಣಕ್ಕೆ ಹಿತವಲ್ಲ. ಮೇಲೆ ಬಣ್ಣವೂ ನಿಲ್ಲುವುದಿಲ್ಲ. ಕೊಳಾಯಿಯ ಸೋರಿಕೆಗೆ ಮೆತ್ತುವ ಗಟ್ಟಿ ಎಪಾಕ್ಸಿ ಮುದ್ದೆಯೂ ಬೇಡ. ಕಾರಿನ ಬಾಡಿ ನಮ್ಮ ರಸ್ತೆಗಳಲ್ಲಿ ಪ್ರತಿ ಗುಂಡಿಗೂ ಕೊಂಚ ತಿರುಚಿಕೊಳ್ಳುತ್ತದೆ. ಜೊತೆಗೆ ಬಾಗದ ವಸ್ತು ಬಿರಿಯುತ್ತದೆ, ಕೂದಲೆಳೆಯ ಬಿರುಕೇ ಹೊಸ ಸಂದಾಗುತ್ತದೆ. ಸಂದನ್ನು ಕಾಯುವುದಕ್ಕೆ ಗಟ್ಟಿತನಕ್ಕಿಂತ ಬಾಗುವ ಗುಣ ಹೆಚ್ಚು ಮುಖ್ಯ.

ಎಲ್ಲಕ್ಕಿಂತ ಮಹತ್ವದ ಮಾತು ಇನ್ನೊಂದು. ಎಲ್ಲ ಸಂದುಗಳನ್ನೂ ಮುಚ್ಚಬಾರದು. ಬಾಗಿಲ ಗಾಜಿನ ಪಕ್ಕದಿಂದ ಒಳಗಿಳಿಯುವ ಮಳೆನೀರನ್ನು ಯಾರೂ ಪೂರ್ತಿ ತಡೆಯಲಾರರು. ಅದು ಬಾಗಿಲ ಹೊಟ್ಟೆಯೊಳಗೆ ಇಳಿದು, ತಳದಲ್ಲಿರುವ ಸಣ್ಣ ಸೀಳುಗಳಿಂದ ಹೊರಗೆ ಹೋಗಬೇಕು. ತೊಲೆಗಳ ಅಡಿಯಲ್ಲೂ ಅಂಥ ರಂಧ್ರಗಳಿವೆ. ಉತ್ಸಾಹದಲ್ಲಿ ಅವನ್ನೂ ಸೀಲರಿನಿಂದ ಮುಚ್ಚಿದವರ ಕಾರುಗಳು, ಏನನ್ನೂ ಮಾಡಿಸದವರ ಕಾರುಗಳಿಗಿಂತ ಬೇಗ ಕೊಳೆಯುತ್ತವೆ. ನಮ್ಮದು ಕೆರೆಗಳ ಸೀಮೆ. ಹಿರೇಕೆರೂರಿನ ಹೆಸರಿನಲ್ಲೇ ಕೆರೆಯಿದೆ, ಹಾನಗಲ್ಲಿನಲ್ಲಿ ಆನೆಕೆರೆಯಿದೆ. ಏರಿಯನ್ನು ಎಷ್ಟು ಭದ್ರವಾಗಿ ಕಟ್ಟಿದರೂ ಕೋಡಿ ಬಿಡದಿದ್ದರೆ ಕೆರೆ ಉಳಿಯುವುದಿಲ್ಲವೆಂಬುದನ್ನು ನಮ್ಮ ಹಿರಿಯರು ಅರಿತಿದ್ದರು. ಸೀಲರ್ ಹಚ್ಚುವಾಗ ಪ್ರತಿ ರಂಧ್ರಕ್ಕೂ ಒಂದೊಂದು ಬೆಂಕಿಕಡ್ಡಿ ಸಿಕ್ಕಿಸಿ, ಬಲಿತ ಮೇಲೆ ಎಳೆದು ತೆಗೆದೆವು. ಬಣ್ಣವಾದ ನಂತರ ತೊಲೆಗಳ ಟೊಳ್ಳಿನೊಳಗೆ ತೆಳುವಾದ ಕೊಳವೆಯಿಂದ ಮೇಣದ ದ್ರಾವಣ ಸಿಂಪಡಿಸಿ, ಮತ್ತೊಮ್ಮೆ ರಂಧ್ರಗಳನ್ನು ಬಿಡಿಸಿ ನೋಡಿದೆವು.

ದೆಹಲಿಯ ಕಬ್ಬಿಣದ ಕಂಬಕ್ಕೆ ಸುಮಾರು 1,600 ವರ್ಷವಾದರೂ ಅದೇಕೆ ಉಳಿದಿದೆ ಎಂದು ಅಂಗಡಿಯ ಹುಡುಗನೊಬ್ಬ ಕೇಳಿದ. ಮೇಷ್ಟರಿಗೆ ಇದಕ್ಕಿಂತ ಸಂತೋಷ ಬೇರೇನಿದೆ! ಕಾನ್ಪುರದ ಐಐಟಿಯ ಆರ್. ಬಾಲಸುಬ್ರಮಣ್ಯಂ ಅದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಆ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚು. ಅದು ಮೈಮೇಲೊಂದು ತೆಳುವಾದ ರಕ್ಷಾಪದರವನ್ನು ಕಟ್ಟುತ್ತದೆ. ಆ ಪದರ ಕಟ್ಟುವುದಕ್ಕೆ ಮೈ ನೆನೆದು ಮತ್ತೆ ಆರಬೇಕು. ಬಯಲಲ್ಲಿ ನಿಂತ ಭಾಗ ಹಾಗೆ ಆರುತ್ತದೆ, ನೆಲದೊಳಗೆ ಹೂತ ಭಾಗಕ್ಕೆ ತುಕ್ಕು ತಗುಲಿದೆ. ಅಷ್ಟು ದೂರವೇಕೆ, ಮಳೆಯ ನಾಡಾದ ಕೊಡಚಾದ್ರಿಯ ಮೇಲೂ ಮೂಲಮೂಕಾಂಬಿಕೆಯ ಗುಡಿಯ ಬಳಿ ಹಳೆಯ ಕಬ್ಬಿಣದ ಸ್ತಂಭವೊಂದಿದೆ. ನೆನೆಯುವುದರಿಂದ ಕಬ್ಬಿಣಕ್ಕೆ ಅಷ್ಟು ಅಪಾಯವಿಲ್ಲ, ಆರದೆ ಉಳಿಯುವುದರಿಂದ ಇದೆ.

ಮೇ ತಿಂಗಳ ಕೊನೆಯಲ್ಲಿ, ಸೀಟು ಹಾಕುವ ಮೊದಲು, ನೀರಿನ ಪರೀಕ್ಷೆ. ಆ ದಿನ ಇಬ್ಬರನ್ನೂ ಬರಹೇಳಿದೆ, ಇನ್ನೊಬ್ಬ ಬರುತ್ತಾನೆಂದು ಇಬ್ಬರಿಗೂ ತಿಳಿಸಿಯೇ. ಇಬ್ಬರೂ ಬಂದರು. ನಾನು ಮನೆಯಿಂದ ತಂದಿದ್ದ ಸೀಮೆಸುಣ್ಣವನ್ನು ಪುಡಿಮಾಡಿ ಒಳಗಿನ ಎಲ್ಲ ಸಂದುಗಳ ಉದ್ದಕ್ಕೂ ಉದುರಿಸಿದೆವು. ಹೊರಗಿನಿಂದ ನೀರು ಸುರಿದರೆ, ಸೋರುವಲ್ಲಿ ಬಿಳಿಯ ಪುಡಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಸೋರಿಕೆ ಕಾಣುವ ಜಾಗಕ್ಕಿಂತ ಅದು ಹುಟ್ಟುವ ಜಾಗ ಬೇರೆಯಾದ್ದರಿಂದ ಈ ಉಪಾಯ ಬೇಕು. ಹಿರಿಯಣ್ಣ ಹೊರಗೆ ನಿಂತು ಪೈಪು ಹಿಡಿದ. ತಮ್ಮ ಒಳಗೆ ಕುಕ್ಕರಗಾಲಿನಲ್ಲಿ ಕೂತು ಟಾರ್ಚು ಹಿಡಿದ. ಹೊರಗಿನವನು ನೀರನ್ನು ಎತ್ತ ಬಿಡುತ್ತಿದ್ದಾನೆಂಬುದು ಒಳಗಿನವನಿಗೆ ಕಾಣದು, ಒಳಗೇನಾಗುತ್ತಿದೆಯೆಂಬುದು ಹೊರಗಿನವನಿಗೆ ತಿಳಿಯದು. ಕೆಲವು ನಿಮಿಷ ನನ್ನ ಕಡೆಗೆ ನೋಡುತ್ತ ಮಾತಾಡಿದರು. ಆಮೇಲೆ ಎಡಗಡೆಯ ಕಂಬದ ಬುಡದಲ್ಲಿ ಒಂದು ಗೆರೆ ಮೂಡಿತು. ಒಳಗಿನಿಂದ ತಮ್ಮ ಕೂಗಿದ: "ಅಣ್ಣಾ, ಅಲ್ಲೇ ಹಿಡಿ! ಅಲ್ಲೇ ಸೋರತೈತಿ." ಹನ್ನೆರಡು ವರ್ಷದ ಮೇಲೆ ಕೇಳಿದ ಮಾತು ಅದು. ಅಣ್ಣ ಪೈಪನ್ನು ಅಲ್ಲಿಯೇ ಹಿಡಿದ. ನಾನು ಮತ್ತು ನನ್ನ ವಿದ್ಯಾರ್ಥಿ ಏನೂ ಆಗದವರಂತೆ ಸುಮ್ಮನಿದ್ದೆವು. ಆ ಜಾಗವನ್ನು ಮತ್ತೆ ಕೆರೆದು, ಪ್ರೈಮರ್ ಹಚ್ಚಿ, ಹೊಸದಾಗಿ ಸೀಲರ್ ತುಂಬಿದೆವು.

ಕಾಗದಪತ್ರಗಳ ವಿಷಯದಲ್ಲೂ ಒಂದು ತಿಳಿವಳಿಕೆ. ಐವತ್ತು ವರ್ಷ ದಾಟಿದ ವಾಹನಗಳಿಗಾಗಿ ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ಪ್ರತ್ಯೇಕ ನಿಯಮ ತಂದಿತು. ಅದರಂತೆ ನೋಂದಾಯಿಸಿದ ವಾಹನವನ್ನು ಪ್ರದರ್ಶನ, ರ‍್ಯಾಲಿ ಮುಂತಾದ ಕಾರಣಗಳಿಗಷ್ಟೇ ರಸ್ತೆಗಿಳಿಸಬಹುದು, ನಿತ್ಯದ ಓಡಾಟಕ್ಕಿಲ್ಲ. ಬಾಡಿಯಲ್ಲಿ ದೊಡ್ಡ ಬದಲಾವಣೆಯೂ ಆಗಿರಕೂಡದು. ದೊಡ್ಡವ್ವನಿಗೆ ಬೇಕಾದದ್ದು ತವರಿನ ದಾರಿ. ಆದ್ದರಿಂದ ಸಾಮಾನ್ಯ ನೋಂದಣಿಯ ಮಾರ್ಗವನ್ನೇ ಹಿಡಿದೆವು. ದೊಡ್ಡಪ್ಪನವರ ಹೆಸರಿನಿಂದ ವರ್ಗಾವಣೆಗೆ ಇಬ್ಬರೂ ವಾರಸುದಾರರ ಒಪ್ಪಿಗೆ ಬೇಕಾಗಿತ್ತು. ಹಾವೇರಿಯ ಕಚೇರಿಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಅಲ್ಲವಾದರೂ ಒಂದೇ ದಿನ ಬಂದು ಸಹಿ ಹಾಕಿದರು.

ದೀಪಾವಳಿ ಮುಗಿದ ಮೇಲೆ ನವೆಂಬರಿನಲ್ಲಿ ಪ್ರಯಾಣ ಹೊರಟೆವು. ಸವಣೂರು ಬಿಡುವ ಮುನ್ನ ದೊಡ್ಡವ್ವ ದೊಡ್ಡಹುಣಸೆ ಮರಗಳ ಕಡೆ ಕೈಮುಗಿದಳು. ಆಫ್ರಿಕದ ಮೂಲದ ಆ ಮೂರು ಮಹಾವೃಕ್ಷಗಳಲ್ಲೊಂದು 2023ರ ಜುಲೈಯಲ್ಲಿ ಉರುಳಿತ್ತು. ಅದನ್ನು ಎತ್ತಿ ಮತ್ತೆ ನೆಟ್ಟಿದ್ದರು. ಬಂಕಾಪುರದ ಮೇಲೆ ಹಾನಗಲ್ಲಿಗೆ ಬಂದು ಹಿರಿಯಣ್ಣನನ್ನು ಕೂರಿಸಿಕೊಂಡು, ತಿಳವಳ್ಳಿಯ ದಾರಿಯಾಗಿ ಹಿರೇಕೆರೂರಿನ ಸೀಮೆ ಸೇರಿದೆವು. ದಾರಿಯುದ್ದಕ್ಕೂ ಅಣ್ಣ ತಮ್ಮಂದಿರು ಹೆಚ್ಚು ಮಾತಾಡಲಿಲ್ಲ. ಬದುವಿನ ವಿಷಯ ಇಂದಿಗೂ ಬಗೆಹರಿದಿಲ್ಲ, ಅದನ್ನು ಬಗೆಹರಿಸುವುದು ನನ್ನ ಕೆಲಸವೂ ಅಲ್ಲ. ದೊಡ್ಡವ್ವ ಮಾತ್ರ ತವರಿನ ಓಣಿಯಲ್ಲಿ ಗಾಡಿ ನಿಂತಾಗ ಇಳಿಯಲು ಅವಸರ ಮಾಡದೆ, ಸೀಟಿನ ಮೇಲೆ ಕೈಯಾಡಿಸುತ್ತ ಸ್ವಲ್ಪ ಹೊತ್ತು ಕೂತೇ ಇದ್ದಳು.

ಕಾರನ್ನು ಮಾರುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಅದನ್ನು ಎಲ್ಲಿಡಬೇಕೆಂಬ ಪ್ರಶ್ನೆಯನ್ನು ತುಕ್ಕಿನ ಶಾಸ್ತ್ರವೇ ತೀರ್ಮಾನಿಸಿತು. ಹಾನಗಲ್ಲು ಅರೆಮಲೆನಾಡು, ಮಳೆ ಹೆಚ್ಚು. ಸವಣೂರು ಬಯಲುಸೀಮೆ, ಹವೆ ಒಣ. ಮಳೆಗಾಲದ ತಿಂಗಳುಗಳಲ್ಲಿ ಗಾಡಿ ಸವಣೂರಿನಲ್ಲಿ, ಉಳಿದ ತಿಂಗಳುಗಳಲ್ಲಿ ಹಾನಗಲ್ಲಿನಲ್ಲಿ. ಗೊಬ್ಬರದ ಚೀಲಗಳ ಹತ್ತಿರ ಸುಳಿಯುವಂತಿಲ್ಲ.

ಸಂದು ಮುಚ್ಚಿದರೆ ಕೆಲಸ ಮುಗಿಯಿತೆಂದು ತಿಳಿಯಬೇಡಿ. ವರ್ಷಕ್ಕೊಮ್ಮೆ, ಮುಂಗಾರಿನ ಮೊದಲ ದೊಡ್ಡ ಮಳೆಯ ಮರುದಿನ, ಮ್ಯಾಟು ಎತ್ತಿ ಕೈಯಾಡಿಸಿ ನೋಡಿ. ಬಾಗಿಲ ತಳದ ರಂಧ್ರಗಳಿಗೆ ಕಡ್ಡಿ ಆಡಿಸಿ. ಧೂಳು, ಎಲೆ ಸೇರಿ ಮುಚ್ಚಿರುತ್ತವೆ. ಬಣ್ಣ ಗುಳ್ಳೆಯೆದ್ದಿದ್ದರೆ ಅದರ ಮೇಲೆ ಬಣ್ಣ ಬಳಿಯಬೇಡಿ, ಕೆರೆದು ನೋಡಿ. ನಮ್ಮ ಗಾಡಿಯ ಮಟ್ಟಿಗೆ ಈ ಕೆಲಸವನ್ನು ನಾನು ನೆನಪಿಸಬೇಕಾಗಿ ಬರಲಿಲ್ಲ. 2025ರ ಜೂನ್‌ನಲ್ಲಿ ಹಾನಗಲ್ಲಿಗೆ ಮೊದಲ ಜೋರು ಮಳೆ ಬಿದ್ದ ಸಂಜೆ ನಾನು ಹಿರಿಯಣ್ಣನ ಮನೆಯಲ್ಲಿದ್ದೆ. ಅವನು ಫೋನು ಎತ್ತಿಕೊಂಡು ಸವಣೂರಿನ ನಂಬರು ಒತ್ತಿದ. ಕ್ಷೇಮ ಸಮಾಚಾರವನ್ನೇನೂ ಕೇಳಲಿಲ್ಲ. "ಆ ತೂತಿಗೆ ಕಡ್ಡಿ ಹಾಕಿ ನೋಡಿದಿ ಏನು?" ಎಂದ. ಆ ಕಡೆಯಿಂದ ಬಂದ ಉತ್ತರ ನನಗೆ ಕೇಳಿಸಲಿಲ್ಲ. ಆದರೆ ಫೋನು ಕೆಳಗಿಡಲು ಅವನಿಗೆ ಕಾಲು ಗಂಟೆ ಹಿಡಿಯಿತು.